ನದಿಗೆ ಇಳಿಯುವ ಮುನ್ನ

ನಾಕ್ಸ್‌ವಿಲ್, ಅಮೆರಿಕ; ಶುಕ್ರವಾರ (ಇಮೇಲ್)

ಪ್ರಿಯ ಬ್ರದರ್ ಡ್ವೇನ್,

ಚರ್ಚಿನ ಯುವತಂಡದೊಂದಿಗೆ ನೀವು ಹೊಂಡುರಾಸಿಗೆ ಕರೆದೊಯ್ದ ನನ್ನ ಮಗಳು ಲಾರೆಲ್ ನಿನ್ನೆ ಫೋನ್ ಮಾಡಿದ್ದಳು.

"ಅಮ್ಮಾ, ಬ್ರದರ್ ಡ್ವೇನ್ ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು, ನಂಗೆ ವಾಸಿಯಾಯ್ತು! ಫಿಟ್ಸ್ ಮಾತ್ರೆ ಎಲ್ಲಾ ಬಿಸಾಕ್ಬಿಟ್ಟೆ."

ನಾನು ಗದರಿದೆ.

"ನಿಂಗೆ ದೇವರಿಗಿಂತ ಮಾತ್ರೇನೇ ದೊಡ್ಡದಾ?" ಎಂದು ಫೋನ್ ಇಟ್ಟಳು. ಆಮೇಲೆ ನನ್ನ ಕರೆ ತೆಗೆಯುತ್ತಿಲ್ಲ.

ನಂಬುವುದನ್ನು ಅವಳಿಗೆ ಕಲಿಸಿದವಳೇ ನಾನು. ಈಗ ಯಾವ ಬಾಯಲ್ಲಿ ಬೇಡವೆನ್ನಲಿ? ಆದರೂ ಅವಳ ಚೀಲದ ಒಳಜೇಬಿನಲ್ಲಿ, ಅವಳಿಗೆ ಹೇಳದೆ, ಹೊರಡುವ ಮುನ್ನವೇ ಇನ್ನೊಂದು ಡಬ್ಬಿ ಮಾತ್ರೆ ಇಟ್ಟಿದ್ದೇನೆ. ದಯವಿಟ್ಟು ಇಂದೇ ನುಂಗಲು ಹೇಳಿ; ನಿಮ್ಮ ಮಾತನ್ನು ಅವಳು ಮೀರುವುದಿಲ್ಲ.

ಭಾನುವಾರ ನದಿಯಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನವಂತೆ. ಯಾರು ತಡೆದರೂ ಅವಳು ನೀರಿಗಿಳಿಯುತ್ತಾಳೆ. ಅವಳ ತೋಳು ಬಿಡಬೇಡಿ. ಎಲ್ಲರೂ ಪ್ರಾರ್ಥಿಸುವಾಗ ನೀವೊಬ್ಬರು ಕಣ್ಣು ಮುಚ್ಚಬೇಡಿ.

ಲಾರೆಲಳ ತಾಯಿ,
ಡೀನಾ