ಹೊರಕ್ಕೆ ತೆರೆಯುವ ಗೇಟು

ಮನೆಯಿಂದ,
೧೪ನೇ ತಾರೀಖು, ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ

ಪ್ರೀತಿಯ ಅತ್ತೆ,

ಮೂರು ಗಂಟೆ ಹತ್ತು ನಿಮಿಷಕ್ಕೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದಾಗಿ ಎಚ್ಚರವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಮಂಡಿನೋವು ಹೇಗಿದೆ? ನಾದಿನಿ, ಹಸುಗೂಸು ಇಬ್ಬರೂ ಚೆನ್ನಾಗಿದ್ದಾರೆಯೇ? ಮಗಳ ಆರೈಕೆಯಲ್ಲಿ ನಿಮ್ಮ ಊಟದ ಹೊತ್ತು ಮರೆಯಬೇಡಿ. ನಾನು ನಿದ್ದೆಗೆಟ್ಟಿದ್ದೇನೆಂದು ನಿಮ್ಮ ಮಗ ದೂರು ಹೇಳಿದ್ದಾರಂತೆ. ಪುಟ್ಟಿ ನಡೆಯಲು ಕಲಿತಾಗಿನಿಂದ ನನಗೆ ನಿದ್ದೆ ಬರುವುದೇ ಚೂರುಚೂರಾಗಿ. ಇವತ್ತು ಊಟದ ಮೇಲೆ ಬಂದ ಚೂರು ಸ್ವಲ್ಪ ದೊಡ್ಡದಾಯಿತು.

ಸದ್ದು ಹೊಸ ಗೇಟಿನದು. ಬೀದಿಯ ಕಡೆ ತೆರೆದುಕೊಂಡು ಕಾಂಪೌಂಡಿನ ಕಲ್ಲುಗೋಡೆಗೆ ಬಡಿದಿತ್ತು. ಓಡಿಹೋಗಿ ನೋಡಿದರೆ ಪುಟ್ಟಿ ರಸ್ತೆಯಲ್ಲಿ ಅದರ ಕಂಬಿ ಹಿಡಿದು ನಿಂತಿದ್ದಳು. ಗೇಟಿನ ಜೊತೆಗೇ ಹೋಗಿರಬೇಕು. ಗಾಯವೇನಿಲ್ಲ. ನಾಲ್ಕು ಮಾರು ಆಚೆ ಹಾಲಿನ ವ್ಯಾನು ನಿಂತಿತ್ತು. ಡ್ರೈವರು ಇಳಿದು ಬಂದು "ಮಗು ನಿಮ್ದಾ?" ಎಂದ. ಹೌದು ಎಂದೆ. ಅವಳನ್ನು ಎತ್ತಿಕೊಂಡು ಒಳಗೆ ಬಂದೆ.

ನೀವು ಹೋದಮೇಲೆ ಆದದ್ದು ಇಷ್ಟು. ಮಾವ ಮಟ್ಟ ನೋಡುವ ರಸಮಟ್ಟ ಇಟ್ಟು, ಕೆಳಗೆ ಎರಡು ಬೆರಳು ಸಂದು ಬಿಟ್ಟು ಗೇಟಿನ ಅಳತೆ ಕೊಟ್ಟರು. ಮುಚ್ಚಿದಾಗ ಅಳತೆ ಸರಿಯಾಗಿಯೇ ಇತ್ತು. ಒಳಕ್ಕೆ ತಳ್ಳಿದರೆ ಮೊಳದಷ್ಟು ಬಂದು ನೆಲಕ್ಕೆ ಕಚ್ಚಿಕೊಂಡಿತು, ಏಕೆಂದರೆ ನಮ್ಮ ನೆಲ ಮನೆಯ ಕಡೆಗೆ ಏರುತ್ತದೆ. ಅದನ್ನು ತೋರಿಸಿದರೆ ಮಾವ "ನಲವತ್ತು ವರ್ಷ ಬಾಗಿಲು ಕೂರ್ಸಿದೀನಿ, ನಂಗೇ ಪಾಠನಾ?" ಎಂದರು. ಕೂರಿಸಿದ್ದು ನಿಜ, ಆದರೆ ಎಲ್ಲವೂ ಸಮತಟ್ಟು ನೆಲದ ಮೇಲೆ. ಈಗ ಗೇಟು ಹೊರಕ್ಕೆ ತೆರೆಯಲಿ ಎಂದಿದ್ದಾರೆ. ಕಂಬ ರಸ್ತೆಯ ಕಡೆ ಚೂರು ವಾಲಿರುವುದರಿಂದ ಮುಟ್ಟಿದರೆ ಸಾಕು, ಅದೇ ಇಳಿಜಾರಿಗೆ ಹೊರಟುಬಿಡುತ್ತದೆ. ಗೋಡೆಗುಂಟ ಅಡ್ಡಡ್ಡ ನೆಲ ಮಟ್ಟವಾಗಿದೆ, ಕೆಳಗೆ ಚಕ್ರ ಹಾಕಿ ಪಕ್ಕಕ್ಕೆ ಸರಿಯುವಂತೆ ಮಾಡಬಹುದಲ್ಲ ಎಂದೆ. ವೆಲ್ಡರು "ಅಕ್ಕ ಹೇಳೋದು ಸರಿ ಸಾರ್" ಎಂದು ಬಾಯಿಬಿಟ್ಟ. "ಹಂಗಾದ್ರೆ ಅಕ್ಕನ್ನೇ ಮೇಸ್ತ್ರಿ ಮಾಡ್ಕೊಳಪ್ಪ" ಎಂದರು ಮಾವ. ಅವನು ತಲೆ ಕೆರೆದುಕೊಂಡು ಕೀಲುಗಳಿಗೆ ಒಂದೊಂದು ಚುಕ್ಕೆ ಬೆಸುಗೆ ಇಟ್ಟು, ಚಿಲಕ ಇನ್ನೂ ಹಾಕದ್ದರಿಂದ ಹಗ್ಗ ಕಟ್ಟಿ ಹೋದ. ಮಧ್ಯಾಹ್ನ ಬಿಚ್ಚಿಕೊಂಡದ್ದು ಅದೇ ಹಗ್ಗ. ನಾಳೆ ಬೆಳಿಗ್ಗೆ ಏಳಕ್ಕೆ ಬಂದು ಪೂರ್ತಿ ಬೆಸೆದು ಕಂಬದ ಬುಡಕ್ಕೆ ಕಾಂಕ್ರೀಟು ಸುರಿಯುತ್ತಾನೆ, ಆಮೇಲೆ ಬದಲಿಸಲಾಗುವುದಿಲ್ಲ. ಚಿಲಕ ಬಂದರೂ ಒಂದಲ್ಲ ಒಂದು ದಿನ ಯಾರಾದರೂ ಹಾಕಲು ಮರೆಯುತ್ತಾರೆ. ನಿಮ್ಮ ಮಗನಿಗೆ ಹೇಳಿದರೆ, "ಅಪ್ಪಂಗೆ ಹೇಳೋಕೆ ನಂಗೆ ಎರಡು ತಲೆ ಇದ್ಯಾ?" ಎಂದರು. ಮಾವ ಈ ಮನೆಯಲ್ಲಿ ಮರುಮಾತಿಲ್ಲದೆ ಕೇಳುವುದು ನಿಮ್ಮೊಬ್ಬರ ಮಾತು, ಅದೂ ನೀವು ಜೋರು ಮಾಡಿದಾಗ.

ಫೋನು ಮಾಡೋಣವೆಂದರೆ ಅದಿರುವುದು ಹಜಾರದಲ್ಲಿ, ಮಾವನ ಕುರ್ಚಿಯ ಪಕ್ಕ. ಎದುರುಮನೆ ಟೀಚರು ಆರರ ಬಸ್ಸಿಗೆ ನಿಮ್ಮ ಕಡೆ ಹೊರಟಿದ್ದಾರೆ, ಅವರ ಕೈಲಿ ಇದನ್ನು ಕೊಡುತ್ತಿದ್ದೇನೆ. ನಾದಿನಿಗೆ ನನ್ನ ನೆನಪು ಹೇಳಿ, ಕೂಸಿಗೆ ಪುಟ್ಟಿಯ ಪರವಾಗಿ ಒಂದು ಮುತ್ತು. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಇಂತಿ ನಿಮ್ಮ ಸೊಸೆ

ಮಡಿಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಆ ಹೊತ್ತಿನಲ್ಲಿ ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಮಾವ. "ನೀನು ಮಲಗಮ್ಮ, ನಾನಿದೀನಿ" ಎಂದು ಅವರೇ ಎತ್ತಿಕೊಂಡು ಹೋಗಿದ್ದರು. ನಾನು ಅವಳನ್ನು ಒಳಗೆ ತಂದಾಗ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆಯಲ್ಲಿದ್ದರು. ನಾನು ಎಬ್ಬಿಸಲಿಲ್ಲ, ಅವರಿಗೆ ಏನೂ ಗೊತ್ತಿಲ್ಲ. ಗೊತ್ತಾದರೆ ಗೇಟನ್ನು ಇವತ್ತೇ ಕಿತ್ತುಹಾಕುತ್ತಾರೆ, ಆದರೆ ಇನ್ನು ಮೇಲೆ ಮಗುವನ್ನೂ ಮುಟ್ಟುವುದಿಲ್ಲ. ಆದ್ದರಿಂದ ರಸ್ತೆಯ ವಿಷಯ ಎತ್ತಬೇಡಿ. ಗೇಟು ಪಕ್ಕಕ್ಕೆ ಸರಿಯಬೇಕು, ಅದು ನಿಮ್ಮದೇ ಹಟ ಎಂದು ಜಗಳವಾಡಿ. ಕೈಮುಗಿಯುತ್ತೇನೆ ಅತ್ತೆ, ಎಷ್ಟು ಹೊತ್ತಾದರೂ ಪರವಾಗಿಲ್ಲ, ಬೆಳಗಾಗುವುದರೊಳಗೆ ಫೋನು ಮಾಡಿ.