ಓಬಣ್ಣನ ನಾಯಿ ನಮ್ಮ ಮನೆಗೆ ಬಂದದ್ದು

ಕತ್ತಲಗೆರೆ
೧೭-೧-೧೯೮೦

ಪೂಜ್ಯ ಯಜಮಾನರಿಗೆ ಸರ್ವಮಂಗಳ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಬಳ್ಳಾರಿಯ ಚಳಿ ತಡೆಯಲು ಆಗುತ್ತಿಲ್ಲ ಎಂದು ಬರೆದಿದ್ದಿರಿ. ಜೈಲಿನ ಡಾಕ್ಟರಿಗೆ ಒಮ್ಮೆ ಎದೆ ತೋರಿಸಿ. ಮೈ ಕಡೆ ಗಮನ ಕೊಡುವವರೇ ಅಲ್ಲ ನೀವು, ನಾನು ಹೇಳಿ ಹೇಳಿ ಸೋತಿದ್ದೇನೆ. ಇಲ್ಲಿ ಅತ್ತೆಯ ಮಂಡಿನೋವು ಇದ್ದ ಹಾಗೆಯೇ ಇದೆ. ಮಗಳು ಗಂಗೆ ಆರೋಗ್ಯವಾಗಿದ್ದಾಳೆ. ನಾಲೆಗೆ ನೀರು ಬಿಟ್ಟಿದ್ದಾರೆ, ಭತ್ತದ ಸಸಿಮಡಿ ಹಾಕಿಸಿದ್ದೇನೆ.

ಮನೆಗೆ ಹೊಸದಾಗಿ ಒಂದು ಜೀವ ಬಂದಿದೆ. ಓಬಣ್ಣನ ನಾಯಿ, ಮೋತಿ. ಹೆಸರು ನೋಡಿ ಕಾಗದ ಕೆಳಗಿಡಬೇಡಿ. ನೀರಿನ ಪಾಳಿಯ ಜಗಳದಲ್ಲಿ ನಿಮ್ಮ ಗುದ್ದಲಿ ಏಟಿಗೆ ಸತ್ತ ಓಬಣ್ಣನದೇ. ಅವನ ಹೆಂಡತಿ ಚೌಡಮ್ಮ ದೀಪಾವಳಿಗೆ ಮುಂಚೆ ಮಕ್ಕಳನ್ನು ಕಟ್ಟಿಕೊಂಡು ಜಗಳೂರಿನ ತವರಿಗೆ ಹೋಗಿಬಿಟ್ಟಳು. ಮುದಿ ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲವಂತೆ. ಅದು ಬೀಗ ಹಾಕಿದ ಮನೆಯ ಜಗಲಿ ಮೇಲೆ ತಿಂಗಳುಗಟ್ಟಲೆ ಮಲಗಿತ್ತು. ಸೊಂಟದ ಹಳೆಯ ಗಾಯ ಕೀವಾಗಿ, ಹೋಗಿ ಬರುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಅದನ್ನು ಕರೆತಂದದ್ದು ಕರುಣೆಯಿಂದಲ್ಲ. ಕೊಲೆಗಾರನ ಹೆಂಡತಿ ಎನ್ನುವ ಊರು ಒಮ್ಮೆಯಾದರೂ ಒಳ್ಳೆಯ ಹೆಂಗಸು ಎನ್ನಲಿ ಎಂದು ಆಸೆಯಿತ್ತು.

ಬಂದ ದಿನ ಚಳಿಯಾಗುತ್ತದೆಂದು ಕೊಟ್ಟಿಗೆಯಲ್ಲಿ ನಿಮ್ಮ ಹಳೆಯ ಕಂಬಳಿ ಹಾಸಿದೆ. ಮೂಸಿ ನೋಡಿತು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಗೋಡೆಗೆ ಒತ್ತಿಕೊಂಡಿತು. ಗೋಣಿಚೀಲ ಹಾಸಿದ ಮೇಲೆ ಮಲಗಿತು. ಎಡಗಣ್ಣಿಗೆ ಪೊರೆ ಬಂದಿದೆ, ಆ ಕಡೆಯಿಂದ ಹೋದರೆ ಬೆಚ್ಚಿಬೀಳುತ್ತದೆ. ಈಗ ನಾನು ಬಲಗಡೆಯಿಂದಲೇ ಹೋಗುತ್ತೇನೆ.

ಅದಕ್ಕೆ ದಿನವೂ ರೊಟ್ಟಿ ಹಾಕುತ್ತಿದ್ದೆ. ನೆಕ್ಕಿ, ಬಾಯಲ್ಲಿ ಹೊರಳಿಸಿ, ಉಗುಳಿ ನನ್ನ ಮುಖ ನೋಡುತ್ತಿತ್ತು. ನಿಮ್ಮ ಅವ್ವ, "ಕೊಂದೋರ ಮನೆ ಕೂಳು ನಾಯಿಗೂ ಬ್ಯಾಡಾಗೈತೆ ನೋಡೇ" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೊಕ್ಕು ಇಳಿಯಲಿ ಎಂದು ಮೂರು ದಿನ ಉಪವಾಸ ಕೆಡವಿದೆ. ನಾಲ್ಕನೆಯ ದಿನ ಮತ್ತೆ ರೊಟ್ಟಿ ಇಟ್ಟೆ. ಹಸಿವಿಗೆ ದೊಡ್ಡ ಚೂರನ್ನೇ ನುಂಗಿತು. ಅದು ಗಂಟಲಲ್ಲಿ ಸಿಕ್ಕಿ ಒದ್ದಾಡತೊಡಗಿತು. ಕಚ್ಚಿದರೆ ಕಚ್ಚಲಿ ಎಂದು ಬಾಯಿ ಅಗಲಿಸಿ ಕೈ ಹಾಕಿದೆ.

ಒಳಗೆ ಒಂದು ಹಲ್ಲೂ ಇರಲಿಲ್ಲ. ವಸಡು ಹಸುಗೂಸಿನದರ ಹಾಗೆ ನುಣ್ಣಗಿತ್ತು.

ಮಾರನೆಯ ದಿನ ಗಾಡಿಯಲ್ಲಿ ಸಂತೇಬೆನ್ನೂರಿನ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಕಾಂಪೌಂಡರ್ ಮಾರಪ್ಪ ಗಾಯ ತೊಳೆದು, ಬಾಯಿ ನೋಡಿ, "ಇದರ ಹಲ್ಲು ನಾನೇ ಕಿತ್ತಿದ್ದು ಕಣಮ್ಮ. ವಸಡೆಲ್ಲಾ ಕೊಳೆತು ಹೋಗಿತ್ತು, ಓಬಣ್ಣ ಹೊತ್ಕೊಂಡು ಬಂದಿದ್ದ. ಐದು ವರ್ಷದ ಮ್ಯಾಲಾತು" ಎಂದ.

ಓಬಣ್ಣ ಸತ್ತು ಇನ್ನೂ ಮೂರು ವರ್ಷ ತುಂಬಿಲ್ಲ.

ಅವತ್ತು ನೀವು ಮೀನಖಂಡದ ಮೇಲೆ ನಾಲ್ಕು ತೂತು ತೋರಿಸಿದಿರಿ. "ನಾಯಿ ಕಚ್ಚಿ ಹಿಡಕಂತು, ಬಿಡಿಸ್ಕಳಾಕೆ ಗುದ್ದಲಿ ಎತ್ತಿದೆ, ಓಬಣ್ಣ ಅಡ್ಡ ಬಂದ" ಎಂದಿರಿ. ನಾನು ಅರಿಶಿನ ಹಚ್ಚಿದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಅದನ್ನೇ ಹೇಳಿದೆ, ನಿಮಗೆ ಏಳೇ ವರ್ಷ ಶಿಕ್ಷೆಯಾಯಿತು. ನನ್ನನ್ನು ಕೂಗುವ ಮುಂಚೆ ನೀವು ಹಿತ್ತಲಿಗೆ ಹೋಗಿ ಬಂದದ್ದು ಈಗ ನೆನಪಾಗುತ್ತಿದೆ. ಮೂಟೆ ಹೊಲಿಯುವ ದಬ್ಬಣ ಅಲ್ಲೇ ಸೂರಿಗೆ ಸಿಕ್ಕಿಸಿರುತ್ತಿತ್ತು.

ಚೌಡಮ್ಮ ನಮ್ಮ ಬಾಗಿಲಿಗೆ ಬಂದು, "ನಮ್ಮ ಮೋತಿಗೆ ಹಲ್ಲೇ ಇಲ್ರೀ, ಬಂದು ನೋಡ್ರಿ" ಎಂದು ಬಾಯಿ ಬಡಿದುಕೊಂಡಿದ್ದಳು. ಯಾರೂ ಹೋಗಿ ನೋಡಲಿಲ್ಲ. ನೀರಿನ ಬಾವಿಯ ಹತ್ತಿರ ಹತ್ತು ಜನರ ಮುಂದೆ ನಾನು, "ಗಂಡನ್ನ ನಾಯಿ ಕೈಲಿ ಕೊಲ್ಲಿಸಿದೋಳು, ಮ್ಯಾಲೆ ಸುಳ್ಳು ಬೇರೆ" ಎಂದೆ. ಅಲ್ಲಿಂದಾಚೆ ಅವಳಿಗೆ ಯಾರೂ ಕೂಲಿಗೆ ಕರೆಯಲಿಲ್ಲ. ಅವಳನ್ನು ಊರು ಬಿಡಿಸಿದವಳು ನಾನು.

ತಪ್ಪಾಯಿತು, ಬಂದು ಕಾಲು ಹಿಡಿಯುತ್ತೇನೆ ಎಂದು ಅವಳಿಗೆ ಕಾಗದ ಹಾಕಿದೆ. ಯಾರ ಕೈಲೋ ಬರೆಸಿದ ಕಾರ್ಡು ಬಂತು. "ನಾಯಿ ಇರಾ ತನಕ ಗಂಜಿ ಹಾಕ್ರಿ. ನೀವು ಮಾತ್ರ ಇಲ್ಲಿಗೆ ಬರಬ್ಯಾಡ್ರಿ." ಅಷ್ಟೇ.

ಗಂಜಿ ಹಾಕುತ್ತಿದ್ದೇನೆ. ಮೊದಲು ನಾನು ಬೆನ್ನು ತಿರುಗಿಸಿದರೆ ಮಾತ್ರ ತಿನ್ನುತ್ತಿತ್ತು. ಈಗ ಎದುರಿಗೆ ಕೂತರೂ ತಿನ್ನುತ್ತದೆ. ನಿನ್ನೆ ನನ್ನ ಕೈ ನೆಕ್ಕಿತು. ನೆಕ್ಕಬಾರದಿತ್ತು ಅನಿಸಿತು.

ಈ ಕಾಗದವನ್ನು ನಿಮಗಿಂತ ಮುಂಚೆ ಅಲ್ಲಿಯವರು ಓದುತ್ತಾರಂತೆ. ಓದಲಿ. ಮೈ ಹುಷಾರು.

ಇಂತಿ,
ಸರ್ವಮಂಗಳ

ತಾ.ಕ.: ಟಪಾಲಿನ ಹೊತ್ತಾಯಿತು, ಮುಖ್ಯ ವಿಷಯವೇ ಉಳಿದಿತ್ತು. ಗಂಗೆಯ ಮದುವೆಗೆ ಹದಿನೈದು ದಿನದ ಪೆರೋಲು ಕೇಳಿದ್ದಿರಲ್ಲ, ವಿಚಾರಣೆಗೆ ಠಾಣೆಯಿಂದ ದಫೇದಾರರು ಬಂದಿದ್ದರು. ಮನೆಯವರ ಒಪ್ಪಿಗೆ ಇದೆಯೇ ಎಂದು ಕೇಳಿದರು. ಇಲ್ಲ ಎಂದು ಬರೆದು ಸಹಿ ಮಾಡಿದೆ. ಗಂಗೆಯೂ ಮಾಡಿದಳು. ನಿಮ್ಮ ಅವ್ವನನ್ನು ನಾವು ಕೇಳಿರಲಿಲ್ಲ. ಅವರೇ ಗೋಡೆ ಹಿಡಿದು ಎದ್ದು ಬಂದು, ಮಸಿ ಎಲ್ಲಿ ಎಂದು ಕೇಳಿ, ಹೆಬ್ಬೆಟ್ಟು ಒತ್ತಿದರು.