ಎರಡು ಪುಟದ ಊರು

ಫೆಬ್ರವರಿ ೧೯, ಸೋಮವಾರ
ಮಧ್ಯಾಹ್ನ

ಅಕ್ಕಾ,

ಹೇಗಿದ್ದೀಯ? ಕಾಗದ ಬರೆಯೋಕೆ ಏಳು ತಿಂಗಳು ತಡ ಮಾಡಿದೆ. ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡ್ತೀನಿ. ಆದರೆ ನಾನೇನು ಮಾಡಲಿ, ನನ್ನ ಫೋನು ನೀನು ಎತ್ತಲ್ಲ. ಅಮ್ಮನ ಫೋನಿಂದ ಮಾಡಿದರೆ ಎತ್ತುತ್ತೀಯ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡ್ತೀಯ. ಇದನ್ನಾದರೂ ಹರಿಯೋ ಮುಂಚೆ ಓದು. ಹರಿಯೋದಿದ್ದರೆ ಓದಿ ಆದಮೇಲೆ ಹರಿ.

ನಾನೀಗ ಊರು ಬರೀತಾ ಕೂತಿದೀನಿ. ನಗಬೇಡ. ನಮ್ಮ ಚಿತ್ರಕಥೆಯ ಲಿಫ್ಟ್ ರಿಪೇರಿ ಹುಡುಗಿಯ ಮೂರನೇ ಪುಸ್ತಕದ ಕೊನೆ ಚಿತ್ರ. ಮೊದಲ ಎರಡು ಪುಸ್ತಕದಲ್ಲೂ ಕತ್ತಲೆ ಡಬ್ಬದೊಳಗೆ ನಟ್ಟು ಬಿಗಿದುಕೊಂಡೇ ಇದ್ದವಳು ಇಲ್ಲಿ ತಾರಸಿಗೆ ಹತ್ತಿ ಮೊದಲ ಸಲ ಇಡೀ ಊರು ನೋಡ್ತಾಳೆ. ಎರಡು ಪುಟಕ್ಕೂ ಸೇರಿ ಒಂದೇ ಚಿತ್ರ, ಒಂದು ಮಾತೂ ಇಲ್ಲ. ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ಅದಿಲ್ಲದೆ ಪುಸ್ತಕವೇ ಇಲ್ಲ.

ಹದಿನಾಲ್ಕು ವರ್ಷ ಒಂದೇ ಮೇಜಿನ ಎರಡು ಕಡೆ ಕೂತು ಊರು ನಿನ್ನದು, ಜನ ನನ್ನವರು ಅಂತ ಪಾಲು ಮಾಡಿಕೊಂಡಿದ್ದೆವು. ಎರಡನೇ ಪುಸ್ತಕದ ಮುಖಪುಟದಲ್ಲಿ ನಿನ್ನ ಹೆಸರು ಬಿಟ್ಟುಹೋಯ್ತು, ನೀನು ಪೆನ್ನು ಕೆಳಗಿಟ್ಟು ಆ ಕಟ್ಟಡ ಕಟ್ಟಿಸೋರ ಆಫೀಸಿಗೆ ನಕ್ಷೆ ಗೀಚೋಕೆ ಹೊರಟುಹೋದೆ. ಪ್ರೆಸ್ಸಿನವರ ಕಣ್ತಪ್ಪು ಅಂತ ಎಷ್ಟು ಸಲ ಹೇಳಿದೆ! ಹೋಗಲಿ ಬಿಡು, ಅದನ್ನು ಈಗ ಎತ್ತೋದಿಲ್ಲ.

ಮೂರು ವಾರದಲ್ಲಿ ನಾಲ್ಕು ಹಾಳೆ ಹಾಳು ಮಾಡಿದೆ. ಮೊದಲನೆಯದರಲ್ಲಿ ಕಟ್ಟಡಗಳನ್ನೆಲ್ಲ ಸ್ಕೇಲು ಇಟ್ಟು ನೆಟ್ಟಗೆ ಎಳೆದೆ. ಅಮ್ಮ ಕನ್ನಡಕ ಹಾಕ್ಕೊಂಡು ಬಂದು ನೋಡಿ, "ಇದೇನೇ, ಬಾಚಣಿಗೆ ಬರೆದಿದೀಯಾ?" ಅಂದಳು. ಎರಡನೆಯದರಲ್ಲಿ ಸ್ಕೇಲು ಎಸೆದು ಕೈಯಲ್ಲೇ ಬರೆದೆ. ಊರಿಗೆ ಊರೇ ಕುಡಿದು ನಿಂತ ಹಾಗಿತ್ತು. ಮೂರನೆಯದರಲ್ಲಿ ಕಿಟಕಿ. ಅಯ್ಯೋ, ಆ ಕಿಟಕಿಗಳು! ನಾನೂರರವರೆಗೆ ಎಣಿಸಿ ಬಿಟ್ಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಬರೆದಷ್ಟೂ ಮುಗಿಯಲ್ಲ. ಸಾಲದ್ದಕ್ಕೆ ತೋಳು ಹಸಿ ಇಂಕಿನ ಮೇಲೆ ಉಜ್ಜಿ ನಾಲ್ಕು ಬೀದಿ ಕಪ್ಪಾಯ್ತು.

ನಾಲ್ಕನೆಯದು ಚೆನ್ನಾಗಿಯೇ ಬಂತು. ನೀರಿನ ಟ್ಯಾಂಕು, ಪೈಪು, ಬಟ್ಟೆ ಒಣಗೋ ತಂತಿ, ದೂರದ ಸೇತುವೆ, ಏನೂ ಬಿಡಲಿಲ್ಲ. ಬೀಗಿಕೊಂಡು ಸಂಪಾದಕರ ಆಫೀಸಿಗೆ ತಗೊಂಡು ಹೋದೆ. ಅವರು ಹಾಳೆ ದೂರ ಹಿಡಿದರು, ಹತ್ತಿರ ಹಿಡಿದರು, ಆಮೇಲೆ ಮೆಲ್ಲಗೆ ಕೇಳಿದರು: "ಈ ಹುಡುಗಿ ಯಾಕಮ್ಮಾ ಬೀಳ್ತಿದಾಳೆ?"

ನೋಡಿದರೆ ಹೌದು, ಬೀಳ್ತಿದಾಳೆ! ಅವಳನ್ನು ಮೊದಲು ಬರೆದುಬಿಟ್ಟಿದ್ದೆ, ಕೆಳಗಿಂದ ತಲೆ ಎತ್ತಿ ನೋಡಿದ ಹಾಗೆ. ಊರನ್ನು ಆಮೇಲೆ ಬರೆದೆ, ಮೇಲಿಂದ ಬಗ್ಗಿ ನೋಡಿದ ಹಾಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಪ್ರತಿ ಹಾಳೆಯಲ್ಲೂ ನೀನು ಮೊದಲು ನೀಲಿ ಪೆನ್ಸಿಲ್ಲಲ್ಲಿ ನೋಡೋ ಕಣ್ಣು ಎಷ್ಟು ಎತ್ತರದಲ್ಲಿದೆ ಅಂತ ತೋರಿಸೋ ದಿಗಂತದ ಗೆರೆ ಎಳೆದು ನನ್ನ ಕಡೆ ತಳ್ತಿದ್ದೆ, ನಾನು ಅದರ ಅಳತೆಗೆ ಜನರನ್ನು ನಿಲ್ಲಿಸ್ತಿದ್ದೆ. ಹದಿನಾಲ್ಕು ವರ್ಷದಲ್ಲಿ ಆ ಗೆರೆ ನಾನು ಒಂದು ಸಲವೂ ಎಳೆದವಳಲ್ಲ. ಅದು ಹಾಳೆಯಲ್ಲೇ ಅಚ್ಚಾಗಿ ಬರುತ್ತೆ ಅಂದುಕೊಂಡಿದ್ದೆನೋ ಏನೋ, ನನ್ನ ಬುದ್ಧಿಗಿಷ್ಟು!

"ಊರಿನದೊಂದು ಫೋಟೋ ಹಿಂದೆ ಅಂಟಿಸಿಬಿಡಿ, ಯಾರು ನೋಡ್ತಾರೆ?" ಅಂದರು ಸಂಪಾದಕರು. ನನಗೆ ಮೈಯೆಲ್ಲ ಉರಿದುಹೋಯ್ತು. "ಹಾಗಾದರೆ ಹುಡುಗಿಯದೂ ಫೋಟೋ ಹಾಕಿ, ನಾನು ಮನೆಗೆ ಹೋಗ್ತೀನಿ" ಅಂತ ಕಿರುಚಿದೆ. ಹೊರಗೆ ಕೂತಿದ್ದ ಟೈಪಿಸ್ಟಮ್ಮ ಎದ್ದು ಬಂದು ಬಾಗಿಲು ಹಾಕಿದಳು. ಮೆಟ್ಟಿಲಿಳಿದು ಬೀದಿಗೆ ಬಂದಮೇಲೆ ಅತ್ತುಬಿಟ್ಟೆ. ಬಸ್ಸಿಗೆ ನಿಂತವರೆಲ್ಲ ನೋಡಿದರು, ನೋಡಲಿ.

ಮನೆಗೆ ಬಂದು ಸ್ಕೇಲು ಸರಿಯಿಲ್ಲ, ನಿಬ್ಬು ಸರಿಯಿಲ್ಲ, ಕಾಗದ ಇಂಕು ಹೀರುತ್ತೆ ಅಂತ ಕೂಗಾಡ್ತಿದ್ದೆ. ಅಮ್ಮ ಪಾತ್ರೆ ಒರೆಸ್ತಾ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು. ಆಮೇಲೆ ಪಾತ್ರೆ ಎತ್ತಿಟ್ಟು, "ಅವಳನ್ನು ಕರೆಯೋಕೆ ನಿನಗೆ ಬಾಯಿಲ್ವಾ?" ಅಂದಳು.

ಈಗ ಕರೀತಿದೀನಿ. ಐದನೇ ಹಾಳೆ ಮೇಜಿನ ಮೇಲಿದೆ, ಖಾಲಿ. ನೀನು ಬಂದು ಬರೆದುಕೊಡು ಅಂತ ಕೇಳೋಕೆ ನನಗೆ ಮುಖವಿಲ್ಲ. ಬಂದು ಪಕ್ಕದಲ್ಲಿ ಕೂತು ಬೈಯಿ, ಸಾಕು. ನೀನು ಎಲ್ಲಿಂದ ಶುರು ಮಾಡ್ತಿದ್ದೆ, ಯಾವ ಕಿಟಕಿ ಬಿಡ್ತಿದ್ದೆ, ಯಾವುದನ್ನು ತುಂಬ್ತಿದ್ದೆ ಅಂತ ಹೇಳು. ನಿನ್ನ ಎದುರಿಗೇ ಕೂತು ಇಷ್ಟು ವರ್ಷ ನಾನು ನೋಡಿದ್ದೇನು ಅಂತ ಯೋಚಿಸಿದರೆ ನಾಚಿಕೆಯಾಗುತ್ತೆ. ನನ್ನ ಹಾಳೆ ಬಿಟ್ಟು ಕಣ್ಣೆತ್ತಿಲ್ಲ.

ಅಮ್ಮ ಚೆನ್ನಾಗಿದಾಳೆ, ಮಂಡಿ ನೋವು ಕಮ್ಮಿ. ನಿನ್ನ ಮಗಳಿಗೆ ಹಲ್ಲಿನ ತಂತಿ ಹಾಕಿಸಿದೀರಂತೆ, ಚಿಕ್ಕಮ್ಮ ಒಂದು ಮುತ್ತು ಕೊಟ್ಟಳು ಅಂತ ಹೇಳು. ಆ ಕೂಸು ನೂರು ವರ್ಷ ನಗ್ತಾ ಬಾಳಲಿ. ಭಾವನಿಗೆ ನಮಸ್ಕಾರ. ನೀನು ದೊಡ್ಡವಳು, ಸಿಟ್ಟಿದ್ದರೂ ಸರಿ, ಮನಸ್ಸಿನಲ್ಲೇ ಒಂದು ಆಶೀರ್ವಾದ ಮಾಡಿಬಿಡು.

ನಿನ್ನ ತಂಗಿ,
ಸಿಡುಕಿ

ಮರೆತ ಮಾತು: ಮರೆತದ್ದಲ್ಲ, ಬರೆಯೋಕೆ ಧೈರ್ಯ ಬರಲಿಲ್ಲ. ಎರಡನೇ ಪುಸ್ತಕದ ಮುಖಪುಟದ ಪ್ರೂಫು ಅಚ್ಚಿಗೆ ಹೋಗೋ ಮುಂಚೆ ನನ್ನ ಕೈಗೆ ಬಂದಿತ್ತು. ಆವತ್ತು ಮಗಳಿಗೆ ಜ್ವರ ಅಂತ ನೀನು ಬಂದಿರಲಿಲ್ಲ. ಪ್ರೆಸ್ಸಿನವರು ನಿನ್ನ ಹೆಸರು ಬಿಟ್ಟದ್ದು ನಿಜ. ನಾನು ಅದನ್ನು ನೋಡಿದ್ದೂ ನಿಜ. ಮೊದಲ ಪುಸ್ತಕ ಓದಿದವರೆಲ್ಲ "ಆ ಊರು, ಆಹಾ, ಆ ಊರು" ಅಂದಿದ್ದರು. ನನ್ನ ಹುಡುಗಿಯ ಬಗ್ಗೆ ಒಬ್ಬರೂ ಒಂದು ಮಾತಾಡಿರಲಿಲ್ಲ. ನನ್ನ ಹೆಸರೊಂದೇ ಇದ್ದ ಆ ಮುಖಪುಟ ನೋಡೋಕೆ ಚೆಂದ ಕಾಣಿಸ್ತು ಅಕ್ಕಾ. ಎಲ್ಲ ಸರಿಯಿದೆ ಅಂತ ಬರೆದು ಸಹಿ ಹಾಕಿ ಕಳಿಸಿದೆ. ನಿನಗೆ ಇದು ಮೊದಲೇ ಗೊತ್ತಿತ್ತು ಅಂತ ಈಗೀಗ ಅನಿಸ್ತಿದೆ. ಪ್ರೆಸ್ಸಿನವರ ಮೇಲಿನ ಸಿಟ್ಟಿಗೆ ಯಾರೂ ತಂಗಿಯ ಫೋನು ಇಡಲ್ಲ. ಗೊತ್ತಿದ್ದೂ ನೀನು ಒಂದು ಸಲ ಕೇಳಲಿಲ್ಲ. ನಾನೇ ಹೇಳಲಿ ಅಂತ ಕಾಯ್ತಿದ್ದೆಯೇನೋ. ಹೇಳಿದೆ.